ಬಿ.ಎ. ಪದವಿ ವಾಪಸು ಕೊಡುವ ಕೌಂಟರು ಯಾವುದೆಂದು ತಿಳಿಸುವ ಬಗ್ಗೆ

ಇಂದ,
ಅ. ಗುಣಶೀಲನ್, ಬಿ.ಎ., (ಹೆಸರಿನ ಹಿಂದಿನ ಅಕ್ಷರಗಳು ತಾತ್ಕಾಲಿಕ)
ಅರ್ತನಾರಿ ಎಂಬವರ ಮಗ, ಬೋರ್‌ವೆಲ್ ಡ್ರಿಲ್ಲರ್,
ತಿರುಚೆಂಗೋಡು, ನಾಮಕ್ಕಲ್ ಜಿಲ್ಲೆ.
(ವರ್ಷದ ಬಹುಪಾಲು ವಾಸ: ಸೂರ್ಯಾಪೇಟೆ ಸುತ್ತಮುತ್ತ, ಲಾರಿಯ ಅಡಿಯಲ್ಲಿ)

ಗೆ,
ಕುಲಸಚಿವರು,
ಅರಿವುಚ್ಚುಡರ್ ಮುಕ್ತ ವಿಶ್ವವಿದ್ಯಾನಿಲಯ,
ದೂರಶಿಕ್ಷಣ ವಿಭಾಗ, ಮೂರನೇ ಮಹಡಿ (ಲಿಫ್ಟ್ ಕೆಟ್ಟಿದೆ).

ಮಾನ್ಯರೇ,

ವಿಷಯ: ತಾವು ಕೊಟ್ಟು, ತಾವೇ ಇಲ್ಲವೆಂದ ಪದವಿಯನ್ನು ತಮಗೇ ಒಪ್ಪಿಸುವ ಕುರಿತು.

ಉಲ್ಲೇಖ: 1. ಹುಡುಗಿಯ ಸೋದರಮಾವ ಶ್ರೀ ಸೆಂಗೋಟುವೇಲು, ಎಂ.ಎ., ಎಂ.ಎಡ್., ಎಂ.ಫಿಲ್., ಇವರು ನಿಶ್ಚಿತಾರ್ಥದ ದಿನ ನೆರೆದ ನೆಂಟರೆದುರು ಆಡಿದ ಮಾತು: "ಕತ್ತೆಗೂ ಹಿಂದುಗಡೆ ಒಂದು ಬಾಲ ಇರುತ್ತೆ. ನಮ್ಮ ಮಾಪ್ಳೆ ಹೆಸರಿಗೆ ಅದೂ ಇಲ್ಲವಲ್ರಪ್ಪಾ!" (ಮಾಪ್ಳೆ ಎಂದರೆ ಮದುವೆ ಗಂಡು, ಅಂದರೆ ಅರ್ಜಿದಾರ.)
2. ಬಸ್ಸಿನ ಬೆನ್ನಿನ ಮೇಲೆ ತಮ್ಮ ಜಾಹೀರಾತು: "ಬೇಗ! ಅಗ್ಗ! ಮಾನ್ಯ!"
3. ಮೇಲಿನ ಮೂರನೇ ಪದವನ್ನು ಹಿಂತೆಗೆದುಕೊಂಡ ತಮ್ಮ ಸುತ್ತೋಲೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಸವಿನಯವಾಗಿ, ಹಲ್ಲು ಕಚ್ಚಿಕೊಂಡು, ನಿವೇದಿಸಿಕೊಳ್ಳುವುದೇನೆಂದರೆ:

1. ಉಲ್ಲೇಖ ಒಂದರ ಮಾತು ಹೊರಬಿದ್ದದ್ದು ಮದುವೆ ಪತ್ರಿಕೆಯ ಕರಡನ್ನು ಗಟ್ಟಿಯಾಗಿ ಓದುವಾಗ. ನಮ್ಮ ಕಡೆ ಪತ್ರಿಕೆಯಲ್ಲಿ ಹೆಸರಿಗಿಂತ ಹೆಸರಿನ ಹಿಂದಿನದು ಉದ್ದ. ಹುಡುಗಿ ಪೂಂಗೊಡಿ, ಎಂ.ಎಸ್‌ಸಿ., ಬಿ.ಎಡ್.; ಖಾಸಗಿ ಶಾಲೆಯ ಟೀಚರು. ಅವಳ ಅಣ್ಣ ಬಿ.ಇ.; ಅತ್ತಿಗೆ ಬಿ.ಫಾರ್ಮ್.; ಅವರ ಮಗು, ಇನ್ನೂ ಚಡ್ಡಿ ತಾನೇ ಹಾಕಿಕೊಳ್ಳಲು ಬಾರದ್ದು, ಯು.ಕೆ.ಜಿ. ಅದೂ ಕರಡಿನಲ್ಲಿತ್ತು. ವರನ ಸಾಲಿಗೆ ಬಂದಾಗ ಸೋದರಮಾವನವರು ಓದು ನಿಲ್ಲಿಸಿದರು. ಹಾಳೆಯನ್ನು ತಿರುವಿ ಹಿಂಭಾಗ ನೋಡಿದರು. ಅಲ್ಲೇನಾದರೂ ಬಿದ್ದಿದೆಯೋ ಎಂಬಂತೆ ನೆಲವನ್ನೂ ನೋಡಿದರು. ಆಮೇಲೆ ಕತ್ತೆಯ ಮಾತು. ಎಲೆಯಡಿಕೆ ಬಾಯಲ್ಲಿದ್ದವರೂ ನಕ್ಕರು. ಅರ್ಜಿದಾರನ ತಂದೆಯೂ ನಕ್ಕರು. ಅವರು ಮರ್ಯಾದಸ್ಥರು, ನಾಲ್ಕು ಜನ ನಕ್ಕರೆ ತಾವೂ ನಗಬೇಕೆಂದು ತಿಳಿದವರು.

2. "ಒಂಬತ್ತನೇ ಕ್ಲಾಸು ಅಂತ ಹಾಕಿ, ತಪ್ಪೇನು?" ಎಂದು ಅರ್ಜಿದಾರನು ಕೇಳಿದ.

"ಪಾಸೋ ಫೇಲೋ?"

"ಬಿಟ್ಟದ್ದು."

"ಬಿಟ್ಟದ್ದನ್ನ ಅಚ್ಚು ಹಾಕಿಸೋಕೆ ಆಗಲ್ಲ ಮಾಪ್ಳೆ. ನಾಳೆ ಸ್ಟಾಫ್ ರೂಮಲ್ಲಿ ಪತ್ರಿಕೆ ಹಂಚಬೇಕಾದೋನು ನಾನು. ಒಂದು ಡಿಗ್ರಿ ತಗೊಂಡು ಬಾ. ಯಾವುದಾದ್ರೂ ಸರಿ. ಆಮೇಲೆ ಮುಹೂರ್ತ."

ಸೋದರಮಾವ ಕೈಹಿಡಿದು ಕರೆತರದೆ ಹುಡುಗಿ ಹಸೆಮಣೆಗೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಆ ಕಾರಣ ಹುಡುಗಿಯ ತಂದೆ ಬಾಯಿ ಬಿಡಲಿಲ್ಲ. ಆ ಕಾರಣ ಮದುವೆ ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆಂದು ಯಾರೂ ಕೇಳಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಪೂಂಗೊಡಿ ಮಾತ್ರ ಅರ್ಜಿದಾರನು ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ ಹೇಳಿದಳು: "ಬೇಗ ಆಗೋದನ್ನೇ ತಗೊಳ್ಳಿ. ಡಾಕ್ಟರ್ ಗೀಕ್ಟರ್ ಅಂತ ಹೊರಡಬೇಡಿ."

3. ಆದ್ದರಿಂದ ಅರ್ಜಿದಾರನು ಬೇಗ ಆಗುವ ಪದವಿಯನ್ನು ಹುಡುಕಿದ. ನಾಮಕ್ಕಲ್ಲಿನಲ್ಲಿ ಒಬ್ಬ ಏಜೆಂಟರು ಸಿಕ್ಕರು. ಅವರಷ್ಟು ಬೇಗ ಪದವಿ ಕೊಡುವವರು ಭೂಮಿಯ ಮೇಲಿಲ್ಲ. ಅರ್ಜಿದಾರನನ್ನು ಕೂರಿಸಿ, ಟೀ ತರಿಸಿ, ಕೇಳಿದರು:

"ಯಾವ ವರ್ಷ ಪಾಸಾಗಿದ್ದೀರಿ?"

"ಇನ್ನೂ ಸೇರೇ ಇಲ್ಲ ಸಾರ್."

"ಅದಕ್ಕೇ ಕೇಳಿದ್ದು. ಯಾವ ವರ್ಷ ಪಾಸಾಗೋಣ? ಕೊರೊನಾ ವರ್ಷ ಬೇಕಾ? ಆ ಸಲ ಯಾರೂ ಫೇಲ್ ಆಗಲಿಲ್ಲ, ಒಳ್ಳೇ ಬ್ಯಾಚು. ಜನ ಸ್ವಲ್ಪ ನಗ್ತಾರೆ, ಅಷ್ಟೇ."

ನಗುವವರನ್ನು ಅರ್ಜಿದಾರನು ಆಗಲೇ ಸಾಕಷ್ಟು ನೋಡಿದ್ದ. ಟೀಯನ್ನು ಅರ್ಧಕ್ಕೆ ಬಿಟ್ಟು ಎದ್ದ. ತಾನು ಓದಿಯೇ ತರುತ್ತೇನೆ, ಆ ಸೋದರಮಾವನ ಮುಖಕ್ಕೆ ಹಿಡಿಯುತ್ತೇನೆ ಎಂಬ ಮೊಂಡು ಹಟ ಹೊಕ್ಕದ್ದು ಏಜೆಂಟರ ಮೆಟ್ಟಿಲ ಮೇಲೆ. ಆ ಏಜೆಂಟರೇ ಪ್ರಾಮಾಣಿಕರಾಗಿದ್ದರು ಎಂದು ಈಗ ತೋರುತ್ತದೆ. ಅವರು ಸುಳ್ಳು ಮಾರುತ್ತಿದ್ದರು, ಸುಳ್ಳು ಎಂದೇ ಹೇಳಿ ಮಾರುತ್ತಿದ್ದರು.

4. ಬೋರ್‌ವೆಲ್ ಕೊರೆಯುವ ರಿಗ್ ಲಾರಿ ಕೆಲಸದ ಮೇಲೆ ಸೂರ್ಯಾಪೇಟೆಯಲ್ಲಿದ್ದಾಗ ಉಲ್ಲೇಖ ಎರಡರ ಬಸ್ಸು ಎದುರಿಗೆ ಬಂತು. ಪರರಾಜ್ಯದ ಊರು, ಪರಭಾಷೆ, ಆದರೆ ಬಸ್ಸಿನ ಬೆನ್ನಿಗೆ ತಮ್ಮ ಲಾಂಛನ, ಪಕ್ಕದಲ್ಲಿ ಟೋಪಿ ಮೇಲಕ್ಕೆಸೆದು ನಗುವ ಹುಡುಗಿ. ಶಾಲೆ ಬಿಟ್ಟವರೂ ಸೇರಬಹುದು, ಮೊದಲು ತಳಹದಿ ಕೋರ್ಸು, ಆಮೇಲೆ ನೇರ ಬಿ.ಎ., "ನೀವಿದ್ದಲ್ಲೇ ವಿದ್ಯೆ". ತಮ್ಮ ಅಧ್ಯಯನ ಕೇಂದ್ರ ಅಲ್ಲೇ ಕೋಳಿಮೇವಿನ ಅಂಗಡಿಯ ಮಾಳಿಗೆಯಲ್ಲಿತ್ತು. ಸಂಯೋಜಕರು ಶ್ರೀ ವೆಂಕಟನರಸಯ್ಯ. ಅರ್ಜಿದಾರನು ಚರಿತ್ರೆ ತೆಗೆದುಕೊಂಡ. ಚರಿತ್ರೆ ಎಲ್ಲಕ್ಕಿಂತ ಅಗ್ಗ. ಅದಕ್ಕೆ ಪ್ರಯೋಗಶಾಲೆ ಬೇಡ, ಕೆಟ್ಟುಹೋದ ಪ್ರಯೋಗಗಳೆಲ್ಲ ಆಗಲೇ ನಡೆದುಹೋಗಿವೆ.

5. ಕಲ್ಲು ಕೊರೆಯುವಾಗ ಏಳುವ ಬಿಳಿ ಧೂಳಿನಲ್ಲಿ, ಕಂಪ್ರೆಸರಿನ ಕಿವಿಗಡಚಿಕ್ಕುವ ಸದ್ದಿನಲ್ಲಿ ಅರ್ಜಿದಾರನು ಓದಿದ. ರಿಗ್ಗಿನ ಮ್ಯಾನೇಜರು ಕುಪ್ಪಣ್ಣನ್ ಪ್ರತಿದಿನ ತಪ್ಪದೆ ಕೇಳುತ್ತಿದ್ದರು:

"ಏನಯ್ಯಾ ಪ್ರೊಫೆಸರು, ಅಕ್ಬರನ ಅಪ್ಪ ಯಾರು ಅಂತ ಗೊತ್ತಾದ್ರೆ ನೀರು ಮೇಲಕ್ಕೆ ಬರುತ್ತಾ?"

"ನೀವು ಸುಮ್ನಿದ್ರೆ ಬರುತ್ತೆ ಅಣ್ಣಾ."

ಹಟಕ್ಕೆ ಓದಲು ಕುಳಿತವನಿಗೆ ನಡುವೆ ಎಲ್ಲೋ ಒಂದು ಅಚಾತುರ್ಯ ನಡೆಯಿತು: ರುಚಿ ಹತ್ತಿತು. ಇದಕ್ಕೆ ತಾವು ಹೊಣೆಯಲ್ಲ, ತಮ್ಮ ಪಠ್ಯದಲ್ಲಿ ಅಂಥ ಉದ್ದೇಶ ಕಾಣುವುದಿಲ್ಲ. ಚೋಳರ ಕಾಲದ ಊರ ಸಭೆಗೆ ಚೀಟಿ ಎತ್ತಿ ಜನರನ್ನು ಆರಿಸುತ್ತಿದ್ದರು. ಲೆಕ್ಕ ಒಪ್ಪಿಸದವನಿಗೆ ಸಭೆಯಲ್ಲಿ ಜಾಗವಿಲ್ಲ, ಅವನ ನೆಂಟರಿಗೂ ಇಲ್ಲ, ಆ ನೆಂಟರ ಪಟ್ಟಿಯಲ್ಲಿ ಸೋದರಮಾವನನ್ನೂ ಸೇರಿಸಿ ಕಲ್ಲಿನಲ್ಲಿ ಕೆತ್ತಿಸಿದ್ದರು. ಅದನ್ನು ಓದಿ ಅರ್ಜಿದಾರನು ಪೈಪಿನ ಮೇಲೆ ಕುಳಿತು ಎಷ್ಟು ನಕ್ಕನೆಂದರೆ, ಕುಪ್ಪಣ್ಣನ್ ಬಂದು ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು. ಕೂಡಲೇ ಪೂಂಗೊಡಿಗೆ ಫೋನು ಹೋಯಿತು.

"ಟೀಚರೇ, ನಮ್ಮ ಮಾವನ್ನ ಸಾವಿರ ವರ್ಷದ ಹಿಂದೆಯೇ ಡಿಸ್‌ಕ್ವಾಲಿಫೈ ಮಾಡಿದ್ದಾರೆ ಕಣ್ರೀ!"

ಅವಳೂ ನಕ್ಕಳು. ಆಮೇಲೆ ಕೇಳಿದಳು: "ಇನ್ನೆಷ್ಟು ಪೇಪರ್ ಇದೆ?"

ಪ್ರತಿ ಫೋನಿನ ಕೊನೆಗೂ ಅದೇ ಪ್ರಶ್ನೆ. ಧ್ವನಿ ಮಾತ್ರ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂತು.

6. ಭಾನುವಾರದ ಸಂಪರ್ಕ ತರಗತಿಗಳ ಬಗ್ಗೆ ಅರ್ಜಿದಾರನಿಗೆ ದೂರಿಲ್ಲ. ಉಪನ್ಯಾಸಕರು ಬರುತ್ತಿರಲಿಲ್ಲ, ಆದರೆ ಹಾಜರಿ ತಪ್ಪದೆ ಬರುತ್ತಿತ್ತು. ದೂರು ಇರುವುದು ನಿಯೋಜಿತ ಬರಹದ (ಅಸೈನ್‌ಮೆಂಟಿನ) ಬಗ್ಗೆ. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲ ಪ್ರಶ್ನೆಗಳ ಉತ್ತರ ಕಟ್ಟು ಕಟ್ಟಾಗಿ ಮಾರಾಟಕ್ಕಿತ್ತು. ಎಲ್ಲರೂ ಕೊಂಡರು. ಅರ್ಜಿದಾರನು ತಾನೇ ಬರೆದ. ಸಂಯೋಜಕರು ಕರೆಸಿದರು.

"ಏನಪ್ಪಾ, ಎಲ್ಲರ ಉತ್ತರ ಒಂದೇ ಥರ ಇದೆ, ನಿಂದು ಮಾತ್ರ ಬೇರೆ. ಎಲ್ಲಿಂದ ಕಾಪಿ ಹೊಡ್ದೆ?"

"ನಾನೇ ಬರೆದೆ ಸಾರ್."

"ಸುಳ್ಳು ಹೇಳ್ಬೇಡ. ಸ್ವಂತ ಬರೆಯೋನು ದೂರಶಿಕ್ಷಣಕ್ಕೆ ಯಾಕೆ ಬರ್ತಾನೆ?"

ಈ ಬರಹಕ್ಕೆ ಪಾಸಿನ ಅಂಚಿನಷ್ಟು ಅಂಕ ಬಂತು. ಜೆರಾಕ್ಸಿಗೆ ಪ್ರಥಮ ದರ್ಜೆ ಬಂತು.

7. ಹೀಗೆ ತಳಹದಿ, ಬಿ.ಎ., ಎರಡು ಮರುಪರೀಕ್ಷೆ, ತಾವು ಕಳೆದುಹಾಕಿ ಮತ್ತೆ ಹುಡುಕಿದ ಒಂದು ಉತ್ತರಪತ್ರಿಕೆ ಎಲ್ಲ ಸೇರಿ ನಾಲ್ಕು ವರ್ಷ ಹಿಡಿಯಿತು. ಇದು ಉಲ್ಲೇಖ ಎರಡರ "ಬೇಗ". ಪದವಿಪತ್ರ ಅಂಚೆಯಲ್ಲಿ ತಿರುಚೆಂಗೋಡಿಗೆ ಬಂದಾಗ ಅರ್ಜಿದಾರನ ತಾಯಿ ಲಕೋಟೆ ಒಡೆಯುವ ಮೊದಲೇ ಅದಕ್ಕೆ ವಿಭೂತಿ ಹಚ್ಚಿ ದೇವರ ಮುಂದಿಟ್ಟರು. ಸಂಕ್ರಾಂತಿಯ ತೈ ಮಾಸದಲ್ಲಿ ಮುಹೂರ್ತ ಇಟ್ಟರು. ಪತ್ರಿಕೆ ಅಚ್ಚಾಗಿ ಬಂತು: ಗುಣಶೀಲನ್, ಬಿ.ಎ. ಅಷ್ಟರಲ್ಲಿ ಯು.ಕೆ.ಜಿ. ಮಗು ನಾಲ್ಕನೇ ತರಗತಿ.

8. ಹಂಚಲು ಹೊರಡುವ ಹೊತ್ತಿಗೆ ತಮ್ಮ ಸುತ್ತೋಲೆ ಬಂತು. ರಾಜ್ಯದ ಗಡಿಯಾಚೆಯ ಕೇಂದ್ರಗಳು ವ್ಯಾಪ್ತಿ ಮೀರಿದವು, ಅಲ್ಲಿ ಓದಿದವರ ಪದವಿಗೆ ಮಾನ್ಯತೆ ಇಲ್ಲ. ಅರ್ಜಿದಾರನು ತಮ್ಮ ಮೂರನೇ ಮಹಡಿ ಹತ್ತಿದ. ತಮ್ಮ ಅಧೀಕ್ಷಕರು ಬಹಳ ಸಮಾಧಾನದಿಂದ ತಿಳಿಹೇಳಿದರು:

"ದೂರಶಿಕ್ಷಣ ಅಂದ್ರೆ ದೂರ ಹೋಗಿ ಓದೋದಲ್ಲ ತಂಬಿ. ಹತ್ತಿರದಲ್ಲಿದ್ದು ದೂರದಿಂದ ಓದಬೇಕು."

"ನಿಮ್ಮ ಜಾಹೀರಾತು ಸೂರ್ಯಾಪೇಟೆ ಬಸ್ಸಿನ ಮೇಲಿತ್ತಲ್ಲ ಸಾರ್?"

"ಜಾಹೀರಾತಿಗೆ ಪರವಾನಗಿ ಇತ್ತು. ಕೇಂದ್ರಕ್ಕೆ ಇರಲಿಲ್ಲ."

"ಹಾಗಾದ್ರೆ ನಾನು ಬರೆದ ಪರೀಕ್ಷೆ?"

"ಬರೆದದ್ದು ನಿಜ, ಪಾಸಾದದ್ದೂ ನಿಜ. ಡಿಗ್ರಿ ಮಾತ್ರ ಇಲ್ಲ. ಮತ್ತೆ ಸೇರ್ಕೊಳ್ಳಿ, ಹಳಬರಿಗೆ ರಿಯಾಯಿತಿ ಕೊಡ್ತೀವಿ."

ಗಂಡ ಇದ್ದಾನೆ, ತಾಳಿ ಇದೆ, ಮದುವೆ ಮಾತ್ರ ಆಗಿಲ್ಲ ಎಂದು ಹೇಳಿದ ಹಾಗಾಯಿತು. ಅರ್ಜಿದಾರನ ಕೈ ಅವರ ಪೇಪರ್‌ವೇಟಿನ ತನಕ ಹೋಗಿ ಹಿಂದೆ ಬಂತು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ.

9. ಮೇಷ್ಟರುಗಳ ವಾಟ್ಸಾಪು ಅಂಚೆಗಿಂತ ಚುರುಕು. ಅರ್ಜಿದಾರನು ಊರು ಮುಟ್ಟುವ ಮೊದಲೇ ಹುಡುಗಿಯ ಮನೆಯಲ್ಲಿ ಸಭೆ ಸೇರಿತ್ತು. ಸೆಂಗೋಟುವೇಲು ಅವರು ಸುತ್ತೋಲೆಯನ್ನು ಎರಡು ಸಲ ಓದಿದರು, ಒಮ್ಮೆ ಅರ್ಥಕ್ಕೆ, ಒಮ್ಮೆ ರುಚಿಗೆ. ಅರ್ಜಿದಾರನು ಕತ್ತು ಕೊಟ್ಟು ಕುಳಿತಿದ್ದ. ಆದರೆ ಬೀಳಬೇಕಾದ ಕತ್ತಿ ಬೀಳಲಿಲ್ಲ. ಮಾವನವರು ಕನ್ನಡಕ ತೆಗೆದು, ಧ್ವನಿ ತಗ್ಗಿಸಿ ಹೇಳಿದರು:

"ಸರಿ ಬಿಡಿ. ಅಚ್ಚಾಗಿದೆ, ಹಾಗೇ ಹಂಚಿಬಿಡೋಣ. ಯಾರು ಬಂದು ನೋಡ್ತಾರೆ? ನಮ್ಮ ಸ್ಟಾಫ್ ರೂಮಲ್ಲೇ ಅರ್ಧ ಜನರದ್ದು ಇದೇ ಕಥೆ."

"ಹಾಗಾದ್ರೆ ನಾಲ್ಕು ವರ್ಷದ ಹಿಂದೆಯೇ ಹಾಕಬಹುದಿತ್ತಲ್ಲ ಮಾವಾ?"

"ಆಗ ಪೂರ್ತಿ ಸುಳ್ಳಾಗ್ತಿತ್ತು ಮಾಪ್ಳೆ. ಈಗ ಅರ್ಧ ನಿಜ. ಮರ್ಯಾದೆಗೆ ಅಷ್ಟು ಸಾಕು."

ನೆಂಟರು ತಲೆದೂಗಿದರು. ಕಾಫಿಗೆ ನೀರಿಡುವ ಸದ್ದೂ ಕೇಳಿತು. ಆಗ ಅರ್ಜಿದಾರನ ಬಾಯಿಂದ, ಹಿರಿಯರೆದುರು ಇರಬೇಕಾದ್ದಕ್ಕಿಂತ ಜೋರಾಗಿ, ಹೊರಬಂದದ್ದು: "ಹಂಚೋ ಹಾಗಿಲ್ಲ. ಫೇಲಾಗಿದ್ರೆ ತಲೆ ತಗ್ಗಿಸ್ತಿದ್ದೆ. ಪಾಸಾಗಿ ಕಳ್ಳ ಆಗೋಕೆ ನನ್ನಿಂದ ಆಗಲ್ಲ. ಬರೀ ಹೆಸರು ಹಾಕಿ, ಇಲ್ಲ ಅಂದ್ರೆ ಏನೂ ಹಾಕ್ಬೇಡಿ."

ಮಾವನವರ ಮುಖ ಕೆಂಪಾಯಿತು. "ಹಾಗಾದ್ರೆ ನಾನು ಹುಡುಗೀನ ಮಣೆಗೆ ಕರ್ಕೊಂಡು ಬರಲ್ಲ. ಹೇಗೆ ಬರ್ತಾಳೋ ನೋಡ್ತೀನಿ!"

ಒಲೆ ಆರಿತು. ನಾಲ್ಕು ವರ್ಷ ಕಲ್ಲು ಕೊರೆದು ಬಂದದ್ದು ಬರೀ ಧೂಳು ಎಂದು ಅರ್ಜಿದಾರನಿಗೆ ಅನಿಸಿದ ಗಳಿಗೆ ಅದು. ಪೂಂಗೊಡಿ ಬಾಗಿಲ ಹಿಂದಿನಿಂದ ನಡುಮನೆಗೆ ಬಂದಳು. ಅಷ್ಟು ಜನರೆದುರು ಅವಳು ಹಾಗೆ ಬಂದು ನಿಂತದ್ದನ್ನು ಯಾರೂ ನೋಡಿರಲಿಲ್ಲ.

"ನನಗೆ ಕಾಲಿದೆ ಮಾವಾ. ನಾನೇ ನಡ್ಕೊಂಡು ಬರ್ತೀನಿ."

"ಏನಂದೆ?"

"ಶುಕ್ರವಾರ, ಬೆಟ್ಟದ ದೇವಸ್ಥಾನದಲ್ಲಿ. ಪತ್ರಿಕೆ ಬೇಡ, ಬಾಯಲ್ಲಿ ಕರೀತೀವಿ. ಇವರ ಡಿಗ್ರಿ ಹೋಯ್ತು, ಮತ್ತೆ ಓದಿದ್ರೆ ಬರಬಹುದು. ನನಗೆ ಇಪ್ಪತ್ತೊಂಬತ್ತು. ಈ ನಾಲ್ಕು ವರ್ಷಾನ ಯಾವ ಯೂನಿವರ್ಸಿಟಿ ವಾಪಸ್ ಕೊಡುತ್ತೆ? ನೀವು ಬಂದ್ರೆ ಸಂತೋಷ. ಬರದಿದ್ರೆ ಊಟ ಕಟ್ಟಿ ಕಳಿಸ್ತೀನಿ."

ಅವಳ ತಾಯಿ ಅತ್ತರು. ತಂದೆ ಮೊದಲ ಬಾರಿ ಬಾಯಿ ಬಿಟ್ಟು, "ಶುಕ್ರವಾರ ಒಳ್ಳೇ ದಿನಾನೇ" ಎಂದರು.

10. ಮೇಲ್ಕಂಡ ಕಾರಣಗಳಿಂದ, ಶುಕ್ರವಾರದ ನಂತರ ಅರ್ಜಿದಾರನಿಗೆ ಸದರಿ ಪದವಿಯ ಅಗತ್ಯ ಇರುವುದಿಲ್ಲ. ಮಾನ್ಯತೆ ಇಲ್ಲದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವೋ ಅಲ್ಲವೋ ತಿಳಿಯದು. ಆದ್ದರಿಂದ ಮೂಲಪ್ರತಿಯನ್ನು ಒಪ್ಪಿಸಿದ್ದಾನೆ. ಆದರೆ ಒಂದು ತಾಂತ್ರಿಕ ತೊಡಕಿದೆ. ಓದಿದ್ದು ತಲೆಯೊಳಗೇ ಉಳಿದಿದೆ. ಚೋಳರ ಚೀಟಿ, ಅಕ್ಬರನ ಅಪ್ಪ, ಎಲ್ಲವೂ ಗಡಿಯಾಚೆ ಕಲಿತದ್ದು, ತಮ್ಮ ಪ್ರಕಾರ ಕಲಿಯದೇ ಇದ್ದದ್ದು.

ಆದ್ದರಿಂದ ತಾವು ದಯಮಾಡಿ,
ಅ) ಪದವಿಯನ್ನು ವಾಪಸು ಪಡೆಯತಕ್ಕದ್ದು;
ಆ) ತಲೆಯಲ್ಲಿ ಉಳಿದಿರುವುದನ್ನು ಯಾವ ಕೌಂಟರಿನಲ್ಲಿ, ಯಾವ ವೇಳೆಯಲ್ಲಿ ಹಿಂತಿರುಗಿಸಬೇಕೆಂದು ತಿಳಿಸತಕ್ಕದ್ದು. ಅಂಥ ಕೌಂಟರು ಇಲ್ಲವೆಂದಾದರೆ, ಇಲ್ಲ ಎಂದು ಬರಹದಲ್ಲಿ ಕೊಡತಕ್ಕದ್ದು. ಅರ್ಜಿದಾರನು ಅದನ್ನೇ ತನ್ನ ಮಾನ್ಯತೆ ಎಂದು ಚೌಕಟ್ಟು ಹಾಕಿಸಿಕೊಳ್ಳುತ್ತಾನೆ.

ತಮ್ಮ ವಿಶ್ವಾಸಿಯಾಗಿ ನಾಲ್ಕು ವರ್ಷ ಇದ್ದವನು,
ಅ. ಗುಣಶೀಲನ್

ಅಡಕಗಳು:
1. ಪದವಿಪತ್ರ, ಮೂಲ (ಅಂಚೆಯ ಲಕೋಟೆ ಸಹಿತ; ಲಕೋಟೆಯ ವಿಭೂತಿ ಕಲೆ ಒರೆಸಿದರೂ ಹೋಗಲಿಲ್ಲ).
2. ನಿಯೋಜಿತ ಬರಹ, ಸ್ವಂತದ್ದು, ಕಲ್ಲುಧೂಳು ಸಹಿತ.
3. ಹೋಲಿಕೆಗಾಗಿ ಜೆರಾಕ್ಸ್ ಅಂಗಡಿಯ ಪ್ರಥಮ ದರ್ಜೆ ಉತ್ತರ.
4. ಶುಕ್ರವಾರದ ಕರೆಯೋಲೆ: ಇಲ್ಲ. ತಮ್ಮನ್ನು ಕರೆದಿಲ್ಲ.

ಷರಾ (ತಪಾಲು ವಿಭಾಗದ ಗಮನಕ್ಕೆ): ಅರ್ಜಿದಾರನ ಅಂದಾಜಿನಂತೆ, ಈ ಅರ್ಜಿಯನ್ನು ಕಿಟಕಿಯಲ್ಲಿ ಕೊಡುವಾಗ ತಮ್ಮ ಗುಮಾಸ್ತರು ತಲೆ ಎತ್ತದೆ, "ಹೊಸ ಬ್ಯಾಚಿಗಾ ಸಾರ್? ಬಿ.ಎ.ನಾ, ಎಂ.ಎ.ನಾ?" ಎಂದು ಕೇಳುತ್ತಾರೆ, ಹಿಂದೆ ಸಾಲಿನಲ್ಲಿ ನಿಂತವರೂ ಕತ್ತು ಚಾಚಿ ನೋಡುತ್ತಾರೆ. ಆಗ ಅರ್ಜಿದಾರನು ಅರ್ಜಿಯನ್ನು ಅಲ್ಲೇ ಇಟ್ಟು ಮೂರೂ ಮಹಡಿ ಇಳಿದು ಹೋಗುತ್ತಾನೆ. ಅವನನ್ನು ಹಿಂದಕ್ಕೆ ಕೂಗಬಾರದಾಗಿ ವಿನಂತಿ.