ಹನ್ನೊಂದು ಅಂಕಿಯ ಮಾಲೀಕಳು

ನಾರ್ತ್ ಸಿಡ್ನಿಯ ಗಾಜಿನ ಕಟ್ಟಡವೊಂದರಲ್ಲಿ ಕುಳಿತಿರುವ ಕೆಲವರು ನನ್ನನ್ನು ಮಾಲೀಕಳೆಂದು ಕರೆದು, ಆ ಗೌರವದ ಮರೆಯಲ್ಲಿ ನನ್ನ ಮುಪ್ಪಿಗೆ ಕನ್ನ ಹಾಕಿದ್ದಾರೆ. ಮುಪ್ಪು ಬರಲು ನನಗಿನ್ನೂ ಮೂರು ದಶಕಗಳಿಗೂ ಹೆಚ್ಚು ಕಾಲವಿರುವುದರಿಂದ ಕಳವು ಬೇಗ ಗಮನಕ್ಕೆ ಬರಲಿಲ್ಲ, ಅಷ್ಟೆ. ಗಮನಕ್ಕೆ ತಂದವಳು ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಿರುವ ಗಿರಿಜಾ ಮೌಶಿ, ನಮ್ಮ ಅವ್ವನ ತಂಗಿ. ಅವಳಿಗೆ ಅರವತ್ತೈದು.

ನಾವಿಬ್ಬರೂ ದುಡಿಯುವುದು ಆ ಗಾಜಿನ ಕಟ್ಟಡದಲ್ಲಿರುವ ಒಂದೇ ಅನುವಾದ ಸಂಸ್ಥೆಗೆ. ನಾನು ಸರ್ಕಾರದ ಕರಪತ್ರಗಳನ್ನು ಕನ್ನಡಕ್ಕೆ ತರುತ್ತೇನೆ. ಮೌಶಿ ದುಭಾಷಿ; ಇಲ್ಲಿಯ ಡಾಕ್ಟರಿಗೂ ಮಗನ ಮನೆಗೆ ಬಂದು ಕಾಯಿಲೆ ಬಿದ್ದ ಹುಬ್ಬಳ್ಳಿಯ ಅಜ್ಜನಿಗೂ ನಡುವೆ ಫೋನಿನಲ್ಲಿ ಕೂತು, ಒಂಬತ್ತು ವರ್ಷಗಳಿಂದ ಮಲಬದ್ಧತೆ, ಮಂಡಿನೋವುಗಳನ್ನು ಎರಡೂ ಭಾಷೆಗಳಲ್ಲಿ ಅನುಭವಿಸುತ್ತಿದ್ದಾಳೆ. ಹೆಡ್‌ಫೋನಿನ ಕೃಪೆಯಿಂದ ಅವಳ ಎಡಗಿವಿಯಲ್ಲಿ ಈಗ ಹಗಲೆಲ್ಲ ಜೀರುಂಡೆ ಕೂಗುತ್ತದೆ. ಸರ್ಕಾರದ ಪಿಂಚಣಿಗೆ ಇನ್ನೂ ಎರಡು ವರ್ಷ ಕಾಯಬೇಕು. ಅಲ್ಲಿಯವರೆಗೆ ಹೆಡ್‌ಫೋನನ್ನು ಕಳಚಿಡಬೇಕಾದರೆ ಆಸರೆಯಾಗಬೇಕಾದದ್ದು ‘ಸೂಪರ್’, ಅಂದರೆ ಈ ದೇಶದಲ್ಲಿ ಕೆಲಸ ಕೊಟ್ಟವರು ನೌಕರರ ಹೆಸರಿನಲ್ಲಿ ಸಂಬಳದ ಮೇಲೆ ಕಟ್ಟಲೇಬೇಕಾದ ನಿವೃತ್ತಿ ನಿಧಿ. ಮೌಶಿಯ ಸೂಪರ್ ಖಾತೆಯಲ್ಲಿ ಏನೂ ಇಲ್ಲ. ಏಕೆಂದರೆ ಮೌಶಿ ನೌಕರಳಲ್ಲ, ಮಾಲೀಕಳು.

ಈ ಪಟ್ಟಾಭಿಷೇಕದ ಬಗೆಯನ್ನು ಹೇಳಬೇಕು. ಸಂಸ್ಥೆಗೆ ಸೇರುವ ಮೊದಲು ಪ್ರತಿಯೊಬ್ಬರೂ ಎಬಿಎನ್ ಎಂಬ ಹನ್ನೊಂದು ಅಂಕಿಗಳ ವ್ಯಾಪಾರ ಸಂಖ್ಯೆಯನ್ನು ಪಡೆಯಬೇಕು. ಪಡೆದ ಗಳಿಗೆಯಿಂದ ನಾವು ‘ಸ್ವತಂತ್ರ ಉದ್ಯಮ’. ಸಂಸ್ಥೆ ನಮ್ಮ ಗಿರಾಕಿ. ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿ, ಮೆಲ್ಬರ್ನ್‌ನಲ್ಲಿ ಕಾರ್ಮಿಕರ ಶೋಷಣೆಯ ಬಗ್ಗೆ ಅಡಿಟಿಪ್ಪಣಿಗಳ ಸಮೇತ ಮಹಾಪ್ರಬಂಧ ಬರೆದ ನಾನು ಆಗ ಮಾಡಿದ್ದೇನು? ಆ ಸಂಖ್ಯೆಯನ್ನು ಪ್ರಿಂಟ್ ತೆಗೆದು, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು ಊದುಬತ್ತಿ ಬೆಳಗಿದೆ. ಮೌಶಿ ತಾನು ಎಂದೋ ಪೂಜಿಸಿಟ್ಟಿದ್ದ ತನ್ನ ಸಂಖ್ಯೆಯನ್ನೂ ತಂದು ಪಕ್ಕದಲ್ಲಿಟ್ಟಳು. ಡ್ಯಾಂಡಿನಾಂಗ್‌ನ ಅಂಗಡಿಯಿಂದ ಪೇಢೆ ತಂದು ಕನ್ನಡದ ಮನೆಗಳಿಗೆಲ್ಲ ಹಂಚಿದೆವು. “ಮಗಳು ಕಂಪನಿ ತಗದಾಳ” ಎಂದು ಅಪ್ಪ ಧಾರವಾಡದಲ್ಲಿ ಸುದ್ದಿ ಹಬ್ಬಿಸಿದರು. ಬಲಿಯ ಕುರಿ ತನ್ನ ಕೊರಳಿಗೆ ತಾನೇ ಹೂ ಕಟ್ಟಿಕೊಂಡು, ನೆಂಟರಿಗೆ ಸಿಹಿ ಹಂಚಿದ ಪ್ರಸಂಗ ಇನ್ನೆಲ್ಲಾದರೂ ನಡೆದಿದ್ದರೆ ದಯವಿಟ್ಟು ತಿಳಿಸಿ.

ಕಳೆದ ತಿಂಗಳು ಮೌಶಿ ಲೈಬ್ರರಿಯಿಂದ ತೆರಿಗೆ ಇಲಾಖೆಯ ಒಂದು ಕರಪತ್ರ ಹಿಡಿದು ಬಂದಳು. ಈ ದೇಶದಲ್ಲಿ ಕನ್ನಡದ ಕರಪತ್ರಗಳಿಗಿರುವ ಏಕಮಾತ್ರ ಓದುಗಾರ್ತಿ ಅವಳೇ ಎಂದು ನನ್ನ ಅನುಮಾನ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: “ನಿಮ್ಮ ಬಳಿ ಎಬಿಎನ್ ಇದ್ದರೂ, ಮುಖ್ಯವಾಗಿ ನಿಮ್ಮ ದುಡಿಮೆಗಾಗಿಯೇ ಹಣ ಸಲ್ಲುತ್ತಿದ್ದರೆ, ಕೆಲಸ ಕೊಟ್ಟವರು ನಿಮ್ಮ ಸೂಪರ್ ಕಟ್ಟಬೇಕಾಗಬಹುದು.”

“ಭಾಳ ಛಂದ ಬರದಾರವಾ. ಯಾರ ಬರದಾರ ಇದನ್ನ?”

“ನಾನ, ಮೌಶಿ.”

ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. “ನೀ ಬರದಿ? ಮತ್ತ ಬರದಾಕಿ ಓದಲಿಲ್ಲೇನು?”

ಓದಿರಲಿಲ್ಲ. ‘ಶ್ರಮ’ ಎನ್ನಬೇಕೋ ‘ದುಡಿಮೆ’ ಎನ್ನಬೇಕೋ ಎಂದು ಆ ಒಂದು ಸಾಲಿನ ಮುಂದೆ ಅರ್ಧ ದಿನ ಕೂತಿದ್ದೆ. ‘ಶ್ರಮ’ ತುಸು ಗ್ರಾಂಥಿಕ ಎಂದು ಅಳಿಸಿ, ‘ದುಡಿಮೆ’ಯ ದೇಸಿತನಕ್ಕೆ ಮನಸೋತು, ಬೆನ್ನು ತಟ್ಟಿಕೊಂಡು ಕಳಿಸಿದ್ದೆ. ದುಡಿಯುತ್ತಿರುವವಳು ಯಾರು ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ತಕ್ಷಣ ನಾರ್ತ್ ಸಿಡ್ನಿಗೆ ಫೋನ್ ಮಾಡಿದೆ. ನಮ್ಮ ಕೆಲಸಗಳನ್ನು ಹಂಚುವವರು ದಿನೇಶ್ ಅಂಕಲ್, ಉಡುಪಿಯವರು, ಮಾತು ಜೇನು.

“ಎಂತ ಮಾರಾಯ್ತಿ, ನೀನು ಬಿಸಿನೆಸ್ ಅಲ್ವಾ? ಒಂದು ಬಿಸಿನೆಸ್ ಇನ್ನೊಂದು ಬಿಸಿನೆಸ್‌ಗೆ ಸೂಪರ್ ಕಟ್ಟುವುದುಂಟಾ?”

“ಯುಗಾದಿಗೆ ರಜೆ ಕೇಳಿದಾಗ ಈ ಬಿಸಿನೆಸ್‌ಗೆ ಯಾಕೆ ಆಗಲ್ಲ ಅಂದ್ರಿ ಅಂಕಲ್?”

“ಅದು ರೋಸ್ಟರ್, ಡ್ಯೂಟಿ ಪಟ್ಟಿ. ರೋಸ್ಟರ್ ಬೇರೆ, ಇದು ಬೇರೆ.”

“ಬೇರೆ ಏಜೆನ್ಸಿಗೆ ಕೆಲಸ ಮಾಡಬಾರದು ಅಂತ ಸೈನ್ ಮಾಡಿಸ್ಕೊಂಡ್ರಿ.”

“ಅದು ಪಾಲಿಸಿ.”

“ಮೌಶಿ?”

“ಅವರೂ ಬಿಸಿನೆಸ್ಸೇ.”

“ಎಡಗಿವಿ ಹೋಗಿರೋ ಬಿಸಿನೆಸ್, ಅಂಕಲ್.”

“ಊಟ ಆಯ್ತಾ ನಿಂದು?” ಎಂದರು. ಕನ್ನಡಿಗನೊಬ್ಬ ವಾದದಲ್ಲಿ ಸೋತಿದ್ದಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಆಯಿತು ಎಂದೆ. ಅವರು ದನಿ ತಗ್ಗಿಸಿದರು. “ಆ ಕರಪತ್ರ ನನಗೂ ಒಂದು ಕಳಿಸು. ನನ್ನದೂ ಎಬಿಎನ್ನೇ, ಹನ್ನೆರಡು ವರ್ಷ ಆಯ್ತು.”

ಹೀಗೆ, ರಜೆ ಕೇಳಿದಾಗ ಆಳು, ಸೂಪರ್ ಕೇಳಿದಾಗ ಅರಸು ಎಂಬ ಈ ವಿಚಿತ್ರ ರಾಜ್ಯದಲ್ಲಿ ಮಂತ್ರಿಯೂ ಆಳೇ ಎಂದು ತಿಳಿದಂತಾಯಿತು. ನಾನು ಕರಪತ್ರ ಕಳಿಸಿದೆ. ಮೌಶಿ ಒಂಬತ್ತು ವರ್ಷಗಳ ರೋಸ್ಟರ್‌ಗಳನ್ನು ಪೇಢೆಯ ಹಳೆಯ ಡಬ್ಬಿಯಿಂದ ತೆಗೆದು ಜೋಡಿಸತೊಡಗಿದಳು. “ಒಂದೂ ಒಗದಿಲ್ಲ ನೋಡು,” ಎಂದಳು. “ನನ್ನ ಕಂಪನಿ ಕಾಗದ ಅಂತ ತಿಳಕೊಂಡಿದ್ದೆ.”

ಆದ್ದರಿಂದ ಸಂಸ್ಥೆಯ ಮಾನ್ಯ ನಿರ್ದೇಶಕರಲ್ಲಿ ಈ ಮೂಲಕ ಕೋರುವುದೇನೆಂದರೆ: ರೋಸ್ಟರ್, ರಜೆ, ದರ ಮೂರನ್ನೂ ತಾವೇ ನಿರ್ಧರಿಸುತ್ತಿರುವಾಗ ನಾವು ಯಾವ ಅರ್ಥದಲ್ಲಿ ಮಾಲೀಕರು ಎಂಬುದಕ್ಕೆ ಹದಿನಾಲ್ಕು ದಿನಗಳೊಳಗೆ ಲಿಖಿತ ಉತ್ತರ ನೀಡತಕ್ಕದ್ದು, ಗಿರಿಜಾ ಮೌಶಿಯ ಒಂಬತ್ತು ವರ್ಷಗಳ ಸೂಪರನ್ನು, ಆಕೆಯ ಬಲಗಿವಿ ಇನ್ನೂ ಕೇಳಿಸುತ್ತಿರುವಾಗಲೇ, ಖಾತೆಗೆ ಕಟ್ಟತಕ್ಕದ್ದು, ತಪ್ಪಿದಲ್ಲಿ ಡಬ್ಬಿಯ ಸಮೇತ ತೆರಿಗೆ ಇಲಾಖೆಗೆ ದೂರು ಸಲ್ಲಿಸಲಾಗುವುದು. ಉತ್ತರವು ಕನ್ನಡದಲ್ಲೇ ಇರಲಿ, ಮೌಶಿ ಓದುತ್ತಾಳೆ. ಅನುವಾದಕ್ಕೆ ಬೇರೆ ಯಾರೂ ಸಿಗದಿದ್ದರೆ ನನ್ನ ಉದ್ಯಮವನ್ನು ಸಂಪರ್ಕಿಸಬಹುದು. ಈ ಸಲ ಅದರ ಮಾಲೀಕಳು ಅನುವಾದಿಸುವ ಮುನ್ನ ಒಮ್ಮೆ ಓದುತ್ತಾಳೆ.