ಕಮಲಾಪುರದ ಎರಡು ಗಾಲಿಗಳು

ಅಣವೀರಪ್ಪನ ಬಾವಿಯ ಗಾಲಿ ಕಿರುಗುಟ್ಟುತ್ತಿತ್ತು ಎಂಬುದು ನಿಜ. ಆದರೆ ಬೇಲಿಯಾಚೆಯ ಖಂಡೆಪ್ಪನ ನಿದ್ದೆ ಕೆಟ್ಟದ್ದು ಆ ಸದ್ದಿನಿಂದಲ್ಲ. ಎತ್ತು ಕಟ್ಟಿ ನೀರೆತ್ತುವ ಆ ಗಾಲಿ ತಿರುಗಿದಷ್ಟೂ ಅಣವೀರಪ್ಪನ ಕೆಂಪು ಬಾಳೆ ದಪ್ಪಗಾಗುತ್ತಿತ್ತು. ಬಾಳೆ ದಪ್ಪಗಾದಷ್ಟೂ ಖಂಡೆಪ್ಪ ಸಣ್ಣಗಾಗುತ್ತಿದ್ದ. ಕಮಲಾಪುರದಲ್ಲಿ ಇಬ್ಬರದೂ ಒಂದೇ ಮಣ್ಣು. ಆದರೂ ಸರಕಾರದ ಸುಬೇದಾರರು ಊರಿಗೆ ಬಂದಾಗ ಕಾಣಿಕೆಗೆ ಗೊನೆ ಹೋಗುತ್ತಿದ್ದುದು ಅಣವೀರಪ್ಪನ ತೋಟದಿಂದ. ಇದೊಂದು ಬೇಸಿಗೆ ಆ ಗಾಲಿ ನಿಂತರೆ ಸಾಕು, ಅವನ ಬಾಳೆಯೂ ಬೆರಳಿನಷ್ಟಾಗುತ್ತದೆ ಎಂದುಕೊಂಡು ಖಂಡೆಪ್ಪ ಕಲಬುರಗಿಯ ಮುನ್ಸೀಫ್ ಕೋರ್ಟಿನಲ್ಲಿ, ಗಾಲಿಯ ಸದ್ದಿಗೆ ನಿದ್ದೆಯಿಲ್ಲವೆಂದು ಫಿರ್ಯಾದಿ ಹೂಡಿದ.

ತಾರೀಖಿನ ದಿನ ವಾದಿ, ಪ್ರತಿವಾದಿ, ಸಾಕ್ಷಿದಾರರು ಎಲ್ಲರೂ ಒಂದೇ ಬಂಡಿಯಲ್ಲಿ ಬಂದಿಳಿದರು. ಬಂಡಿಯೂ ಅಣವೀರಪ್ಪನದೇ. ಅದೂ ಖಂಡೆಪ್ಪನಿಗೆ ಚುಚ್ಚಿತು. ಶರಣಬಸವೇಶ್ವರನಿಗೆ ಕೈಮುಗಿದು, ಗಾಲಿ ನಿಲ್ಲಲಿ ಎಂದು ಬೇಡಿಕೊಂಡು ಕೋರ್ಟಿಗೆ ನಡೆದ.

ಬೇವಿನ ಮರದ ಕೆಳಗೆ ವಕೀಲ ಪ್ರಹ್ಲಾದರಾಯರು ಅವನಿಗೆ ಕಾನೂನು ತಿಳಿಸಿದರು.

"ನೋಡು ಖಂಡೆಪ್ಪ, ಅವನ ಜಮೀನದಾಗ ಅವ ಏನರೆ ಮಾಡ್ಕೋಬಹುದು. ಆದ್ರ ಅಲ್ಲಿಂದ ಸಪ್ಪಳ, ಹೊಗಿ, ವಾಸನಿ ಬೇಲಿ ದಾಟಿ ಬಂದು ತಡಕೊಳ್ಳಲಾರದಷ್ಟು ತಕಲೀಫ ಕೊಟ್ರ ಕೋರ್ಟು ಕೇಳ್ತದ. ಯಾವ ಮನಷ್ಯಾಗಾದ್ರೂ ಆಗೋ ತಕಲೀಫ ಇರಬೇಕು. ಹೊಟ್ಟಿಉರಿಗೆ ಕಾನೂನಿನಾಗ ಕಲಮಿಲ್ಲ."

"ನನಗ್ಯಾಕ ಹೊಟ್ಟಿಉರಿ ಬರ್ತದ್ರಿ? ನನ್ನ ಬಾಳಿ ಏನು ಕಮ್ಮಿ ಅದ?"

"ಅದಽ ಬ್ಯಾಡ ಅನ್ನೋದು! ಒಳಗ ನಿನ್ನ ಬಾಳಿ ಸುದ್ದಿ ತೆಗೀಬ್ಯಾಡ. ನಿಂದು ಸಣ್ಣ ತ್ವಾಟ, ಅವಂದು ದೊಡ್ಡ ಗಾಲಿ. ಇಷ್ಟಽ ನೆನಪಿಡು."

'ಸಣ್ಣ ತ್ವಾಟ' ಎಂಬ ಮಾತನ್ನು ಖಂಡೆಪ್ಪ ಔಡಲೆಣ್ಣೆ ಕುಡಿದಂತೆ ನುಂಗಿದ.

ಒಳಗೆ ಮುನ್ಸೀಫ್ ಸಾಹೇಬರು ಕನ್ನಡದಲ್ಲಿ ಕೇಳಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ಮೊದಲ ಸಾಕ್ಷಿ, ಊರಿನ ದನ ಕಾಯುವ ಮೈಬೂಬ.

"ಆವಾಜು ಎಷ್ಟು ದೂರ ಕೇಳ್ತದ?"

"ಹಳ್ಳದ ಆಚೀ ತನಕ ಕೇಳ್ತದ ಹುಜೂರ್. ಅಂಥಾ ಗಾಲಿ ಸುತ್ತ ಹತ್ತೂರಾಗ ಇಲ್ರಿ!"

ವಕೀಲರ ಮುಖ ಅರಳಿತು. ಖಂಡೆಪ್ಪನ ಕಿವಿ ಬಿಸಿಯಾಯಿತು.

ಎರಡನೆಯ ಸಾಕ್ಷಿ ನೀಲಗಂಗಮ್ಮ, ದಿನಾ ಆ ಬೇಲಿಯ ಪಕ್ಕದಲ್ಲೇ ಮಜ್ಜಿಗೆ ಮಾರಲು ಹೋಗುವವಳು. ಆಕೆಗೆ ಒಂದು ಕೇಳಿದರೆ ನಾಲ್ಕು ಹೇಳುವ ಧಾರಾಳತನ.

"ಬರೇ ಗಾಲಿ ಅಲ್ರಿ ಸಾಹೇಬ್ರ. ಅಣವೀರಪ್ಪಣ್ಣನ ಬಾಳಿಗಿಡ ಮನಿಗಿಂತ ಎತ್ತರ! ಖಂಡೆಪ್ಪಣ್ಣನ ತ್ವಾಟಕ್ಕ ಮಧ್ಯಾಹ್ನದ ತನಕ ಬಿಸಿಲಽ ಬೀಳಂಗಿಲ್ಲ. ಮ್ಯಾಲ ಬಾವಲಿ ಕಾಟ ಬ್ಯಾರೆ. ಹಣ್ಣು ಅಷ್ಟು ಸಿಹಿ ಇದ್ರ ಅವಾದ್ರೂ ಏನು ಮಾಡ್ತಾವ, ಪಾಪ?"

ದೂರಿನ ಪ್ರತಿಯೊಂದು ಮಾತೂ ಹೊಗಳಿಕೆಯಾಗಿಯೇ ಖಂಡೆಪ್ಪನ ಎದೆಗೆ ನಾಟುತ್ತಿತ್ತು. ದಾವೆ ಗೆಲ್ಲುತ್ತಿತ್ತು; ಅವನು ಬೇಯುತ್ತಿದ್ದ.

ಕೊನೆಗೆ ಅವನಿಂದಲೇ ಪ್ರಮಾಣ ಮಾಡಿಸಿ ಮುನ್ಸೀಫರು ಕೇಳಿದರು: "ನಿನ್ನ ಬಾವಿಗೂ ಒಂದು ಗಾಲಿ ಅದಲ್ಲ? ಅದು ಸದ್ದು ಮಾಡಂಗಿಲ್ಲೇನು?"

'ಇಲ್ಲ' ಎಂದರೆ ದಾವೆ ಗೆದ್ದಂತೆ. ಹಾಗೆಯೇ ಹೇಳು ಎಂದು ವಕೀಲರು ಕಣ್ಣಿನಲ್ಲೇ ಸನ್ನೆ ಮಾಡಿದರು. ಖಂಡೆಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅಣವೀರಪ್ಪ ಮೆಲ್ಲಗೆ ನುಡಿದ:

"ಪಾಪ, ಅವಂದೇನು ಸದ್ದು ಮಾಡ್ತದ ಹುಜೂರ್. ಗುಬ್ಬಿ ಚೀಂವ್ ಅಂದಂಗ. ಇರೋದಽ ನಾಕು ಗಿಡ."

ಅವನಲ್ಲಿ ಕುಹಕವಿರಲಿಲ್ಲ, ಕನಿಕರವಿತ್ತು. ಕುಹಕವಾಗಿದ್ದರೆ ಖಂಡೆಪ್ಪ ತಡೆದುಕೊಳ್ಳುತ್ತಿದ್ದ; ಕನಿಕರವನ್ನು ತಡೆಯಲಾಗಲಿಲ್ಲ.

"ಗುಬ್ಬೀ? ನನ್ನ ಗಾಲಿ ಗುಬ್ಬೀ? ನನ್ನ ಗಾಲಿ ಮುಂದ ಇವಂದು ಸೊಳ್ಳಿ, ಹುಜೂರ್! ನಂದು ತಿರಗ್ತಂದ್ರ ಎಮ್ಮಿ ಹಗ್ಗ ಹರ್ಕೊಂಡು ಓಡ್ತಾವ! ನನ್ನ ತ್ವಾಟದಾಗ ಜಾಗಾ ಸಿಗಲಾರದ ಬಾವಲಿ ಇವನ ಕಡಿ ಹೋಗ್ತಾವ!"

ಪ್ರಹ್ಲಾದರಾಯರು ಚಷ್ಮಾ ತೆಗೆದು ಕಣ್ಣು ಮುಚ್ಚಿಕೊಂಡರು. ಮುನ್ಸೀಫರು ಎಲ್ಲವನ್ನೂ ಬರೆದುಕೊಂಡು ಲೇಖನಿ ಕೆಳಗಿಟ್ಟರು.

"ಅಷ್ಟು ಸದ್ದಿನಾಗ ಇರೋನಿಗೆ ಇವನ ಸದ್ದಿನಿಂದ ಏನು ತಕಲೀಫ? ಯಾರ ಗಾಲಿ ಸದ್ದು ದೊಡ್ಡದೋ ಅದಽ ಬಂದ್ ಆಗಬೇಕು. ಈಗ ಎರಡರಾಗ ಒಂದು ಹೇಳು. 'ಸಿಟ್ಟಿನಾಗ ತಪ್ಪು ಹೇಳ್ದೆ, ನಂದು ಅಣವೀರಪ್ಪಂದಕ್ಕಿಂತ ಸಣ್ಣದು' ಅಂತ ಬರಸಿ ಹೆಬ್ಬೆಟ್ಟು ಒತ್ತಿದ್ರ ಅವನ ಗಾಲಿ ಬಂದ್. ನಿಂದಽ ದೊಡ್ಡದು ಅಂತ ಒತ್ತಿದ್ರ ಮಳಿಗಾಲದ ತನಕ ನಿನ್ನ ಗಾಲಿ ಬಂದ್."

"ಸಣ್ಣದು ಅನ್ನೋ, ಮಾರಾಯಾ!" ವಕೀಲರು ಹಿಂದಿನಿಂದ ಅಂಗಿ ಜಗ್ಗಿದರು.

ಖಂಡೆಪ್ಪನ ಹೆಬ್ಬೆಟ್ಟಿಗೆ ಮಸಿ ಬಿತ್ತು. ಅವನು ತಿರುಗಿ ನೋಡಿದ. ಮೈಬೂಬ, ನೀಲಗಂಗಮ್ಮ, ಬಂಡಿ ಹೊಡೆದವನು, ಎಲ್ಲರೂ ಕತ್ತು ಚಾಚಿ ನಿಂತಿದ್ದರು. ನಾಳೆ ಇಡೀ ಕಮಲಾಪುರ 'ಸಣ್ಣದು' ಎಂದು ಹಾಡುತ್ತದೆ. ಅವನು ಕಣ್ಣು ಮುಚ್ಚಿ ಒತ್ತಿದ. ದೊಡ್ಡದು ಎಂದೇ ಒತ್ತಿದ.

ಹೊರಗೆ ಬಂದವನು ಎದೆ ಉಬ್ಬಿಸಿ, "ಸರಕಾರಿ ಕಾಗದದಾಗ ಬಂತು ನೋಡ್ರಿ! ನಂದಽ ದೊಡ್ಡದು!" ಎಂದ.

"ಖರೇ ಅದಣ್ಣ," ಎಂದಳು ನೀಲಗಂಗಮ್ಮ. "ಆದ್ರ ಈ ಬ್ಯಾಸಗ್ಯಾಗ ಬಾಳಿಗೆ ನೀರು? ಆ ಕಾಗದಾ ಹಿಂಡ್ತಿಯೇನು?"

ಉಬ್ಬಿದ ಎದೆ ಇಳಿಯಿತು. ಆಗ ಹೆಗಲ ಮೇಲೊಂದು ಕೈ ಬಿತ್ತು.

"ಚಿಂತಿ ಮಾಡಬ್ಯಾಡೋ ಖಂಡೆಪ್ಪ," ಎಂದ ಅಣವೀರಪ್ಪ. "ನನ್ನ ಬಾವ್ಯಾಗ ಬೇಕಾದಷ್ಟು ನೀರದ. ನಾಳಿನಿಂದ ನಿನ್ನ ತ್ವಾಟಕ್ಕೂ ನಾನಽ ಬಿಡ್ತೀನಿ."

"ಬೇಷಾತು!" ಮೈಬೂಬ ಚಪ್ಪಾಳೆ ತಟ್ಟಿದ. "ಈ ವರ್ಷ ಖಂಡೆಪ್ಪಣ್ಣನ ತ್ವಾಟದಾಗೂ ಅಣವೀರಪ್ಪಣ್ಣನ ಬಾಳಿ!"

ಖಂಡೆಪ್ಪ ಧೋತರ ಎತ್ತಿ ಹಿಡಿದು, ಕಾಗದಪತ್ರ ಸುತ್ತಿಕೊಂಡು ಹೊರಟಿದ್ದ ವಕೀಲರ ಹಿಂದೆ ಓಡಿದ.

"ವಕೀಲಸಾಹೇಬ್ರ! ನಿಲ್ರಿ, ಇನ್ನೊಂದು ಫಿರ್ಯಾದಿ ಬರೀರಿ! ಅಣವೀರಪ್ಪ ನನಗ ನೀರು ಬಿಡ್ಲಾಕತ್ತಾನ!"