ಪಡಸಾಲೆಗೆ ತಬಲಾ, ಅಡುಗೆಮನೆಗೆ ಹಾಡು

ಹ್ಹೂಂ, ಹ್ಹೂಂ. ಎರಡೇ ಸಲ, ನಡುವೆ ಒಂದು ಚಿಕ್ಕ ಬಿಡುವು. ಕೊಟ್ಟೂರಿನ ಆ ಮನೆಯ ಸದ್ದುಗಳಲ್ಲಿ ನನಗೆ ಇವತ್ತಿಗೂ ಮೊದಲು ನೆನಪಾಗುವುದು ನಮ್ಮ ಮಾವನವರ ಈ ಕೆಮ್ಮು. ಅದು ರೋಗದ ಕೆಮ್ಮಲ್ಲ, ಕಾಲಿಂಗ್ ಬೆಲ್. ಪಡಸಾಲೆಯಿಂದ ನಡುಮನೆಗೆ ಕಾಲಿಡುವ ಮೊದಲು ಅವರು ಹಾಗೆ ಕೆಮ್ಮಬೇಕು. ಒಳಗಿದ್ದ ಹೆಂಗಸರು ಮಾತು ನಿಲ್ಲಿಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಡುಗೆಮನೆಗೆ ಸರಿಯಬೇಕು. ಬಳ್ಳಾರಿಯ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಬೆಲ್ಲಿಗೆ ಎದ್ದು ಕೂತು ಬಂದವಳಾದ್ದರಿಂದ ನನಗೆ ಈ ಡಿಸಿಪ್ಲಿನ್ ಅಷ್ಟೇನೂ ಕಷ್ಟವಾಗಲಿಲ್ಲ. ನಾಲಿಗೆಯ ತುದಿಗೆ ಬರುತ್ತಿದ್ದ "ಗುಡ್ ಮಾರ್ನಿಂಗ್ ಸಿಸ್ಟರ್" ಅನ್ನು ನುಂಗಿಕೊಳ್ಳುವುದೊಂದೇ ಕಷ್ಟ.

ಈಗ ನಮ್ಮ ಪಕ್ಕದ ಮನೆಯವರು ಹೋಮ್ ಥಿಯೇಟರ್ ತಂದಿದ್ದಾರೆ. ಮೂಲೆಗೊಂದು ಸ್ಪೀಕರ್, ಸೋಫಾದ ಬೆನ್ನಿಗೆ ಎರಡು, ನೆಲಕ್ಕೆ ಗುಡುಗುವಂಥದ್ದು ಒಂದು. ಅದನ್ನು ಕೂಡಿಸಲು ಬಂದ ಎಂಜಿನಿಯರ್ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ನನಗೆ ನಗು ಬಂತು. ಅಳೆಯಬೇಕಾದದ್ದು ಗೋಡೆಯನ್ನಲ್ಲ, ಮನೆಯಲ್ಲಿ ಯಾರು ಯಾರೆದುರು ಕೂಡುತ್ತಾರೆ ಎನ್ನುವುದನ್ನು. ಟು ಬಿ ಫ್ರ್ಯಾಂಕ್, ಈ ವಿದ್ಯೆಯನ್ನು ನಾನು ಕಲಿತದ್ದು ಒಂದು ಸುಳ್ಳಿನಿಂದ. ಆ ಸುಳ್ಳಿನ ಬಗ್ಗೆ ನನಗೆ ಪಶ್ಚಾತ್ತಾಪಕ್ಕಿಂತ ಥ್ಯಾಂಕ್ಸೇ ಹೆಚ್ಚು ಇರುವುದರಿಂದ, ಇದನ್ನು ಕನ್ಫೆಷನ್ ಎಂದು ಕರೆಯಲು ಸಿಸ್ಟರುಗಳು ಒಪ್ಪುತ್ತಿರಲಿಲ್ಲವೇನೋ.

ಎಪ್ಪತ್ತರ ದಶಕ ಮುಗಿಯುವ ಹೊತ್ತು. ನಮ್ಮ ಮಾವನವರದು ಶೇಂಗಾ ವ್ಯಾಪಾರ. ಒಂದು ವರ್ಷ ಶೇಂಗಾ ಕೈಹಿಡಿಯಿತು. ಮನೆಗೊಂದು ಸ್ಟೀರಿಯೊ ರೆಕಾರ್ಡ್ ಪ್ಲೇಯರ್ ತರೋಣವೆಂದು ನನ್ನ ಯಜಮಾನರು ಅಪ್ಪನ ಬೆನ್ನು ಹತ್ತಿದರು. ಇಬ್ಬರೂ ಹುಬ್ಬಳ್ಳಿಗೆ ಹೋದರು. ಅಲ್ಲಿ ನಡೆದದ್ದನ್ನು ಯಜಮಾನರು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ನಾನೂ ಅಂಗಡಿಯಲ್ಲಿ ಇದ್ದೆನೇನೋ ಅನ್ನಿಸಿಬಿಟ್ಟಿದೆ. ಮಾವನವರು ಶೇಂಗಾಕಾಯನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗೆ ಬೀಜ ತುಂಬಿದೆಯೋ ಇಲ್ಲವೋ ಹೇಳುವ ಮನುಷ್ಯ. ಸ್ಪೀಕರ್ ಡಬ್ಬಿಗೂ ಅದೇ ಪರೀಕ್ಷೆ. ಬೆರಳಿನ ಗೆಣ್ಣಿನಿಂದ ಬಡಿದರು, ಕಿವಿ ಇಟ್ಟರು, ಮುಖ ಸಿಂಡರಿಸಿದರು.

"ಲೇ ತಮ್ಮಾ, ಪೊಳ್ಳು ಅದಾವಲ್ಲೋ ಇವು! ಒಳಗ ಏನೂ ಇಲ್ಲ!"

"ಪೊಳ್ಳು ಇದ್ರನ ದನಿ ಬರ್ತೈತ್ರಿ ಸಾವ್ಕಾರ್ರ," ಎಂದನಂತೆ ಅಂಗಡಿಯವ.

"ಪೊಳ್ಳು ಮಾಲಿನ ಪರವಾಗಿ ಇಷ್ಟು ಛಲೋ ಮಾತಾಡೋನ್ನ ನಾನು ಇವತ್ತ ಕಂಡಿದ್ದು ನೋಡು!"

ಕೊನೆಗೆ ಅಂಗಡಿಯಲ್ಲಿದ್ದ ಎಲ್ಲ ಡಬ್ಬಿಗಳನ್ನೂ ಒಂದೊಂದಾಗಿ ಎತ್ತಿ ನೋಡಿ, ಅತಿ ಭಾರದ ಜೋಡಿಯನ್ನು ಆರಿಸಿದರು. ಸೌಂಡ್ ಕೇಳಿ ನೋಡುವ ಪ್ರಶ್ನೆಯೇ ಏಳಲಿಲ್ಲ. ಭಾರದ ಡಬ್ಬಿಯೇ ಅದುರದೆ ಒಳ್ಳೆಯ ದನಿ ಕೊಡುತ್ತದೆ, ಆ ಆಯ್ಕೆ ಸರಿಯಾಗೇ ಇತ್ತು ಎಂದು ಆಮೇಲೆ ತಿಳಿದವರೊಬ್ಬರು ಹೇಳಿದರು. ಇಷ್ಟವಾಗದಿದ್ದರೆ ಹದಿನೈದು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತೇನೆಂದು ಅಂಗಡಿಯವನಿಂದ ಮಾತನ್ನೂ ತೆಗೆದುಕೊಂಡು ಬಂದರು.

ಕೂಡಿಸಲು ಬಂದವನು ನಮ್ಮೂರಿನ ಮೈಕ್ ಕೊಟ್ರೇಶಿ. ಕೊಟ್ಟೂರಿನಲ್ಲಿ "ಕೊಟ್ರೇಶಿ" ಎಂದು ಕೂಗಿದರೆ ಅರ್ಧ ಬಜಾರ ತಿರುಗಿ ನೋಡುತ್ತದೆ. ಅದಕ್ಕೇ ಹೆಸರಿನ ಹಿಂದೆ ಅವನ ಕಸುಬು. ಮದುವೆಗೆ, ನಾಟಕಕ್ಕೆ ಮರದ ಮೇಲೆ ಹಾರ್ನ್ ಕಟ್ಟಿ ಕಟ್ಟಿ, ಸ್ಪೀಕರ್ ಎಂದರೆ ಎತ್ತರದಲ್ಲಿರಬೇಕು ಎಂಬುದೇ ಅವನ ಸಿದ್ಧಾಂತ.

"ಮಾಳಿಗಿ ಮ್ಯಾಲ ಒಂದು ಕಟ್ಟಿಬಿಡ್ತೀನ್ರಿ ಸಾವ್ಕಾರ್ರ. ಬಸ್ ಸ್ಟ್ಯಾಂಡ್ ತನಕ ಕೇಳ್ತೈತಿ."

"ಬಸ್ ಸ್ಟ್ಯಾಂಡಿನ್ಯಾಗ ನಮ್ಮವರು ಯಾರದಾರಲೇ?" ಎಂದರು ಮಾವನವರು. ಆಮೇಲೆ ಸ್ವಲ್ಪ ಯೋಚಿಸಿ, ಒಬ್ಬ ನ್ಯಾಯವಂತ ಯಜಮಾನ ಕೊಡಬಹುದಾದ ತೀರ್ಪು ಕೊಟ್ಟರು. "ಎರಡು ಅದಾವಲ್ಲ. ಒಂದು ಪಡಸಾಲ್ಯಾಗ ಇಡು, ಗಂಡಸರಿಗೆ. ಒಂದು ಅಡಿಗಿಮನ್ಯಾಗ ಇಡು, ಹೆಣ್ಮಕ್ಕಳಿಗೆ. ಅವರೇನು ಪಾಪ ಮಾಡ್ಯಾರ?"

ನಿಮಗೆ ನಗು ಬರಬಹುದು. ನನಗೆ ಅವತ್ತು ಕಣ್ಣು ತುಂಬಿತು. ಮದುವೆಯಾಗಿ ಮೂರು ವರ್ಷ ಆ ಮನೆಯಲ್ಲಿ ಹಾಡು ಎಂದರೆ, ಪಡಸಾಲೆಯ ರೇಡಿಯೋದಿಂದ ಎರಡು ಗೋಡೆ ದಾಟಿ ಬರುವ ಗುಂಯ್ ಎನ್ನುವ ಸದ್ದು. ಕಾನ್ವೆಂಟಿನ ಕ್ವಾಯರಿನಲ್ಲಿ ಮುಂದಿನ ಸಾಲಿನಲ್ಲಿ ನಿಂತು ಹಾಡಿದವಳು ನಾನು. ಕೊಟ್ಟೂರಿನಲ್ಲಿ ನನ್ನ ಇಂಗ್ಲಿಷಿಗೆ ಇದ್ದ ಕೆಲಸವೆಂದರೆ ಟೆಲಿಗ್ರಾಂ ಓದುವುದು, ಮತ್ತು ಅತ್ತೆಯ ಟಾನಿಕ್ ಬಾಟಲಿಯ ಮೇಲೆ "ಶೇಕ್ ವೆಲ್" ಎಂದು ಬರೆದಿದ್ದನ್ನು ದಿನಾ ಹೇಳುವುದು. ಅಂಥವಳ ಒಲೆಯ ಹತ್ತಿರಕ್ಕೇ ಈಗ ಒಂದು ಸ್ಪೀಕರ್!

ಕೊಟ್ರೇಶಿ ಜಂತಿಯಗುಂಟ ವೈರ್ ಎಳೆದು, ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ ನಮ್ಮ ಡಬ್ಬಿಯನ್ನು ಕೂರಿಸಿದ. ಮೊದಲನೆಯ ರೆಕಾರ್ಡ್ ವಚನಗಳದ್ದು. ಮುಳ್ಳು ಇಟ್ಟಿದ್ದೇ ತಡ, ಅಡುಗೆಮನೆಯಲ್ಲಿ ಒಂದು ಗಂಭೀರವಾದ ಗಂಡು ದನಿ ಎದ್ದಿತು. ಅತ್ತೆ ಗಾಬರಿಯಿಂದ ಸೆರಗು ಸರಿಮಾಡಿಕೊಂಡರು. ಆಮೇಲೆ ನಕ್ಕು, "ನೋಡವಾ, ಹಾಡೋರು ಸೀದಾ ನಮ್ಮ ಕಡೀಗೇ ಬಂದು ಕುಂತಾರ," ಎಂದರು.

ಅವರ ಮಾತು ಅಕ್ಷರಶಃ ನಿಜವಾಗಿತ್ತು. ಆ ಕಾಲದ ಸ್ಟೀರಿಯೊ ರೆಕಾರ್ಡುಗಳಲ್ಲಿ ಎಷ್ಟೋ ಸಲ ಹಾಡುವವರನ್ನು ಒಂದು ಬದಿಗೆ, ವಾದ್ಯದವರನ್ನು ಇನ್ನೊಂದು ಬದಿಗೆ ತಳ್ಳಿಬಿಡುತ್ತಿದ್ದರು. ಹಾಡು, ಹಾರ್ಮೋನಿಯಂ ನಮಗೆ ಬಂದವು. ಪಡಸಾಲೆಗೆ ಹೋದದ್ದು ಬರೀ ತಬಲಾ. ಮಾವನವರ ಜೊತೆಗೆ ನಾಲ್ಕು ಜನ ವ್ಯಾಪಾರಸ್ಥರು ಹೊಸ ಮಷಿನ್ನಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಮಂಡಕ್ಕಿ ತಿನ್ನುತ್ತ, ಇಪ್ಪತ್ತು ನಿಮಿಷ ತಬಲಾಕ್ಕೆ ತಲೆದೂಗಿದರಂತೆ. ಕೊನೆಗೆ ಅವರಲ್ಲಿ ಹಿರಿಯರೊಬ್ಬರು ತಡೆಯಲಾರದೆ ಕೇಳಿದರು: "ಯಜಮಾನ್ರ, ಹಾಡೋರು ಇನ್ನಾ ಬಂದಿಲ್ಲೇನ್ರಿ?"

ಮರುದಿನ ಕೊಟ್ರೇಶಿಗೆ ಕರೆ ಹೋಯಿತು. ಅವನು ವೈರ್ ಅದಲುಬದಲು ಮಾಡಿದ. ಹಾಡು ಪಡಸಾಲೆಗೆ ಹೋಯಿತು, ತಬಲಾ ಒಳಗೆ ಬಂತು. ತಬಲಾ ಕೇಳುತ್ತ ಜೋಳದ ರೊಟ್ಟಿ ಬಡಿಯುವುದು ಎಂಥ ಫಜೀತಿಯೆಂದು ಬಡಿದವರಿಗೇ ಗೊತ್ತು. ಕೈ ತಾನಾಗಿ ತಾಳಕ್ಕೆ ಹೋಗುತ್ತದೆ. ನಿಧಾನದ ಲಯದಲ್ಲಿ ಚಂದ್ರನ ಹಾಗೆ ದುಂಡಗೆ ಬರುತ್ತಿದ್ದ ರೊಟ್ಟಿ, ಲಯ ಏರಿದ ಕೂಡಲೇ ಅಂಚು ಹರಿದು ಭೂಪಟವಾಗುತ್ತಿತ್ತು. ಅತ್ತೆ ಹರಿದ ರೊಟ್ಟಿಗಳನ್ನೆಲ್ಲ ಒಟ್ಟಿಗೆ ಮಾವನವರ ತಾಟಿಗೆ ಹಾಕಿ, "ನಮ್ಮ ಹಾಡು ನಮಗ ಕೊಡ್ರಿ," ಎಂದರು. ಮೂರನೆಯ ದಿನ ಹಾಡು ಮತ್ತೆ ಒಳಗೆ. ನಾಲ್ಕನೆಯ ದಿನ ಹೊರಗೆ. ಒಂದು ವಾರ ಹೀಗೆ ನಡೆದ ಮೇಲೆ ಮಾವನವರು ತೀರ್ಮಾನ ಹೇಳಿಬಿಟ್ಟರು: "ಇದು ಮೋಸದ ಮಾಲು. ಒಂದು ಡಬ್ಬಿಗೂ ಪೂರಾ ದನಿ ಇಲ್ಲ. ಸೋಮವಾರ ಹುಬ್ಬಳ್ಳಿಗೆ ವಾಪಸ್."

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಡಬ್ಬಿ ಬಂದ ದಿನ ಪ್ಯಾಕಿಂಗಿನ ರಟ್ಟು ಮತ್ತು ಹುಲ್ಲನ್ನೆಲ್ಲ ಒಳಗೆ ಕೊಟ್ಟಿದ್ದರು. ಶಂಡಿಗೆ ಒಣಗಿಸಲು ರಟ್ಟು ಬೇಕೆಂದು ಅತ್ತೆ ಕೇಳಿದ್ದರು. ಆ ಹುಲ್ಲಿನಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ನಾನು ಅವತ್ತು ಮಧ್ಯಾಹ್ನವೇ ಅದನ್ನು ಓದಿದ್ದೆ. ಎರಡನೆಯ ಪುಟದಲ್ಲೇ ಚಿತ್ರ: ಎರಡು ಡಬ್ಬಿ ಒಂದೇ ಕೋಣೆಯಲ್ಲಿ, ಅವುಗಳ ಎದುರು ಸರಿಯಾಗಿ ಮಧ್ಯದಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮನುಷ್ಯ. ಎಲ್ಲವೂ ನನಗೆ ಗೊತ್ತಿತ್ತು. ಆದರೆ ಬಾಯಿ ಬಿಟ್ಟರೆ ಎರಡೂ ಡಬ್ಬಿ ಪಡಸಾಲೆಗೆ ಹೋಗುತ್ತವೆ, ಕುರ್ಚಿಯಲ್ಲಿ ಮಾವನವರು ಕೂಡುತ್ತಾರೆ, ನನಗೆ ಮತ್ತೆ ಎರಡು ಗೋಡೆಯಾಚೆಯ ಗುಂಯ್. ಪುಸ್ತಕವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟೆ. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸುಮ್ಮನಿರುವುದೂ ಒಂದು ಸುಳ್ಳೇ ಎಂದು ಕಲಿಸಿದ್ದರು. ನನಗೆ ಆ ಸಬ್ಜೆಕ್ಟಿನಲ್ಲಿ ಯಾವಾಗಲೂ ಫಸ್ಟ್.

ಈಗ ಸುಮ್ಮನಿದ್ದರೆ ಸೋಮವಾರ ಎಲ್ಲವೂ ಹೋಗುತ್ತದೆ. ಹೇಳಿದರೆ ನನ್ನ ಪಾಲಿನದು ಹೋಗುತ್ತದೆ. ಎರಡು ದಿನ ಅನ್ನ ರುಚಿಸಲಿಲ್ಲ. ಭಾನುವಾರ ಬೆಳಿಗ್ಗೆ ಪ್ಯಾಕಿಂಗ್ ಶುರುವಾಯಿತು. ಬಂದ ಸಾಮಾನೆಲ್ಲ ಲೆಕ್ಕಕ್ಕೆ ಸರಿಯಾಗಿ ಹಿಂದಕ್ಕೆ ಹೋಗಬೇಕಲ್ಲ, "ಇಂಗ್ಲಿಷ್ ಪುಸ್ತಕ ಒಂದು ಇತ್ತು, ಅದೆಲ್ಲೈತಿ?" ಎಂದರು ಯಜಮಾನರು. ನಾನು ಟ್ರಂಕಿನಿಂದ ತೆಗೆದು ತಂದೆ. ನಡುಮನೆಯ ಆಚೆಯ ಹೊಸ್ತಿಲಲ್ಲಿ "ಹ್ಹೂಂ, ಹ್ಹೂಂ." ಅಡುಗೆಮನೆಯ ಬಾಗಿಲಿನ ಮರೆಗೆ ನಾನು, ನನ್ನ ಪಕ್ಕದಲ್ಲಿ ಅತ್ತೆ. ಮಾವ ಸೊಸೆಯ ಜೊತೆ ನೇರವಾಗಿ ಮಾತಾಡುವ ಹಾಗಿಲ್ಲ. ಹತ್ತು ಹೆಜ್ಜೆಯ ದೂರಕ್ಕೆ ಅತ್ತೆಯೇ ನಮ್ಮ ಆಂಪ್ಲಿಫೈಯರ್.

"ಅದ್ರಾಗ ಏನ್ ಬರದೈತಿ ಅಂತ ಕೇಳು ಸೊಸಿಗೆ," ಎಂದರು ಮಾವನವರು.

"ಏನ್ ಬರದೈತಿ ಅಂತ ಕೇಳಾಕ ಹತ್ಯಾರ," ಎಂದರು ಅತ್ತೆ, ನನಗೆ ಕೇಳಿಸಿರಲಿಲ್ಲವೇನೋ ಎಂಬಂತೆ.

ನಾನು ಸಣ್ಣ ದನಿಯಲ್ಲಿ ಹೇಳಿದೆ: "ಎರಡೂ ಡಬ್ಬಿ ಒಂದ ಕಡಿ ಇಡಬೇಕಂತ್ರಿ ಅತ್ತಿ."

ಅತ್ತೆ ಒಂದು ಕ್ಷಣವೂ ತಡಮಾಡದೆ ಗಂಡನ ಕಡೆ ತಿರುಗಿ, "ಎರಡೂ ಡಬ್ಬಿ ಅಡಿಗಿಮನ್ಯಾಗ ಇಡಬೇಕಂತ," ಎಂದರು.

"ಏನಂದಿ? ಕಂಪನಿಯವರು ಅಡಿಗಿಮನಿ ಅಂತ ಬರದಾರ?"

"ಇಂಗ್ಲಿಷಿನ್ಯಾಗ ಬರದಾರ. ನಿಮಗೇನು ತಿಳಿತೈತಿ?"

ನನಗೆ ಎಲ್ಲಿಂದ ಧೈರ್ಯ ಬಂತೋ, ಮೂರು ವರ್ಷದಲ್ಲಿ ಮೊದಲ ಸಲ ಬಾಗಿಲಿನ ಮರೆಯಿಂದ ಈಚೆಗೆ ಬಂದು, ಪುಸ್ತಕ ತೆರೆದು, ಎಲೊಕ್ಯೂಷನ್ ಕಾಂಪಿಟಿಷನ್ನಿನಲ್ಲಿ ನಿಲ್ಲುವ ಹಾಗೆ ನೆಟ್ಟಗೆ ನಿಂತೆ. "ಹಂಗಲ್ರಿ ಮಾವಾರ. ಎರಡೂ ನಡುಮನ್ಯಾಗ ಇಡಬೇಕಂತ್ರಿ. ಮನಿಯವರೆಲ್ಲಾ, ಗಂಡಸರು ಹೆಂಗಸರು ಅನ್ನದ, ಒಂದ ಕಡಿ ಕುಂತು ಕೇಳಬೇಕಂತ್ರಿ. ಇಲ್ಲಂದ್ರ ದನಿ ಕೂಡೂದಿಲ್ಲಂತ್ರಿ."

ನಾನು ಓದುತ್ತಿದ್ದ ಪುಟದಲ್ಲಿದ್ದದ್ದು, ಬಟ್ಟೆಯಿಂದ ಧೂಳು ಒರೆಸುವ ಬಗೆ.

ಮನೆಯಲ್ಲಿ ಯಾರ ಮಾತನ್ನೂ ಸುಲಭಕ್ಕೆ ಕೇಳದ ಮನುಷ್ಯ, ಅಚ್ಚಾದ ಅಕ್ಷರಕ್ಕೆ ತಲೆಬಾಗಿದರು. "ಮತ್ತ ಬರದಿದ್ರ ಏನ್ ಮಾಡಾಕ ಬರ್ತೈತಿ? ಕೊಟ್ರೇಶಿನ ಕರೀರಿ," ಎಂದರು.

ಕೊಟ್ರೇಶಿ ನಡುಮನೆಯಲ್ಲಿ ಎರಡು ಶೇಂಗಾ ಚೀಲ ಇಟ್ಟು, ಅವುಗಳ ಮೇಲೆ ಡಬ್ಬಿಗಳನ್ನು ಕೂರಿಸಿದ. ಪುಸ್ತಕದ ಚಿತ್ರ ನೋಡಿ ಹುರಿಯಿಂದ ಅಳೆದು, ಮಧ್ಯದಲ್ಲಿ ತಾನೇ ಕೂತು ಪರೀಕ್ಷೆ ಮಾಡಿದ. ಹಾಡು ಶುರುವಾಯಿತು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಎದ್ದು ಹೋಗಿ ಎರಡು ಡಬ್ಬಿಗಳ ನಡುವಿನ ಖಾಲಿ ಜಾಗದಲ್ಲಿ ಕೈಯಾಡಿಸಿದ. "ಸಾವ್ಕಾರ್ರ, ಮ್ಯಾಳದವರು ಡಬ್ಬ್ಯಾಗ ಇಲ್ರಿ! ಇಲ್ಲಿ, ಗ್ವಾಡಿ ಮುಂದ ಸಾಲಾಗಿ ಕುಂತಾರ!" ಊರಿಗೆಲ್ಲ ಹಾಡು ಕೇಳಿಸಿದ್ದವನ ಕಣ್ಣಲ್ಲಿ ನೀರು ನಿಂತಿತ್ತು. "ಇಷ್ಟು ವರ್ಷ ನಾನು ಬರೀ ಒದರಿಸೀನ್ರಿ," ಎಂದ.

ಅಂದಿನಿಂದ ಸಂಜೆ ಒಂದು ತಾಸು ನಾವೆಲ್ಲ ನಡುಮನೆಯಲ್ಲಿ. ಮಾವನವರು ಮಧ್ಯದ ಕುರ್ಚಿಯಲ್ಲಿ, ಯಜಮಾನರು ಕಂಬಕ್ಕೆ ಒರಗಿ, ನಾನೂ ಅತ್ತೆಯೂ ಹಿಂದೆ ಚಾಪೆಯ ಮೇಲೆ. ತಿಂಗಳಾದ ಮೇಲೆ ಒಂದು ಸಂಜೆ ಮಾವನವರು ಕುರ್ಚಿಯಿಂದ ಎದ್ದರು. ಅತ್ತೆಯ ಕಡೆ ನೋಡಲೇ ಇಲ್ಲ. "ಯವ್ವಾ, ಇಲ್ಲಿ ಬಂದು ಕುಂದ್ರು. ಇಲ್ಲಿಂದ ಕೇಳಬೇಕು ಇದನ್ನ," ಎಂದು ನನಗೇ ಹೇಳಿ, ತಾವು ಹೋಗಿ ಚಾಪೆಯ ಮೇಲೆ ಕೂತರು. ನಾನು ಕೂತೆ. ಏನು ಹಾಡಿದರೋ ಒಂದೂ ನೆನಪಿಲ್ಲ. ಹಿಂದೆ ಮಾವ ನೆಲದ ಮೇಲೆ ಕೂತಿದ್ದಾರೆ, ಮುಂದೆ ನಾನು ಕುರ್ಚಿಯಲ್ಲಿ ಎಂಬ ಗಾಬರಿಯೇ ಕಿವಿಯ ತುಂಬ. ಆದರೂ ಇಷ್ಟು ವರ್ಷದಲ್ಲಿ ಯಾರೂ ನನಗೆ ಅಷ್ಟು ದೊಡ್ಡ ಜಾಗ ಕೊಟ್ಟಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದೂ ಅದೇ ನಡುಮನೆಯಲ್ಲಿ, ಐದಾರು ವರ್ಷದ ಮೇಲೆ. ಅಷ್ಟರಲ್ಲಿ ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಡೆಯ ಹಾಡು ಸರಿಯಾಗಿ ಕೇಳುತ್ತಿತ್ತು. ಎಡಗಡೆಯ ತಬಲಾ ಯಾರೋ ದೂರದಲ್ಲಿ ಹಾಸಿಗೆ ಕೊಡವಿದ ಹಾಗೆ ಕೇಳುತ್ತದೆ ಎನ್ನುತ್ತಿದ್ದರು. ನಾನು ಅವರ ಬಲಗಡೆ ಕೂತು, "ಈಗ ತಬಲಾ ಜೋರಾತ್ರಿ ಮಾವಾರ, ಈಗ ನಿಧಾನ," ಎಂದು ಆ ಕಡೆಯ ಸಮಾಚಾರವನ್ನು ಕಿವಿಯ ಹತ್ತಿರ ಹೇಳುವುದು ರೂಢಿಯಾಗಿತ್ತು. ಅವತ್ತು ನಾನು ಬಳ್ಳಾರಿಗೆ ಹೊರಟಿದ್ದೆ, ತಂಗಿಯ ಮಗುವಿನ ತೊಟ್ಟಿಲಿಗೆ. ಅವರಿಗೆ ಮೈ ಅಷ್ಟು ಚೆನ್ನಾಗಿರಲಿಲ್ಲ. "ರೆಕಾರ್ಡಿನ ಒಂದು ಮಗ್ಗಲು ಹಾಕವಾ," ಎಂದರು. ಹಾಕಿದೆ, ಕೂತೆ, ಸ್ವಲ್ಪ ಹೊತ್ತು ಹೇಳಿದೆ. ಕಣ್ಣೆಲ್ಲ ವಾಚಿನ ಮೇಲೆ. ರೆಕಾರ್ಡ್ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ನಾನು ಬಾಗಿ, "ತಬಲಾದವರು ಮುಗಿಸಿದ್ರು ಮಾವಾರ," ಎಂದುಬಿಟ್ಟೆ.

ಅವರು ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಕೇಳಿದರು. "ಹಾಡೋರು ಇನ್ನಾ ಹಾಡಾಕ ಹತ್ಯಾರಲ್ಲ," ಎಂದರು. ಆಮೇಲೆ ಮೀಸೆಯಲ್ಲೇ ನಕ್ಕು, "ತಬಲಾದವಗ ಬಸ್ಸು ಹಿಡಿಯೋದಿರಬೇಕು, ಪಾಪ. ಹೋಗಿ ಬಾ ಯವ್ವಾ. ಮುಂದಿಂದು ನಾನು ಕೇಳ್ಕೊಂತೀನಿ."

ಕಾಲು ಮುಟ್ಟಿ ನಮಸ್ಕಾರ ಮಾಡಿ, ಬ್ಯಾಗು ಎತ್ತಿಕೊಂಡು ಓಡಿದೆ.

ಬಸ್ಸು ಅವತ್ತು ಮುಕ್ಕಾಲು ತಾಸು ತಡವಾಗಿ ಬಂತು.